ಕೆಳಗೆ ಮಲಗಿಸಿದ ಕೂಸು

ಗಂಗಾಮಣಿ ಮಗುವಿನ ಎರಡೂ ತೋಳು ಹಿಡಿದು ಮುಖದ ಮಟ್ಟಕ್ಕೆ ಎತ್ತಿ, "ಸುಮ್ನಿರೋ!" ಎಂದು ಕಿರುಚಿದಳು. ಹಾಲು ಕುಡಿಸಿದ್ದಾಗಿತ್ತು, ಬಜೆ ತೇಯ್ದು ನೆಕ್ಕಿಸಿದ್ದಾಗಿತ್ತು. ಬೆಳಗಿನಿಂದ ಅಳುತ್ತಿದ್ದ ಕೂಸು ಇನ್ನೂ ಜೋರಾಗಿ ಅತ್ತಿತು. ಅದನ್ನು ಅಲುಗಾಡಿಸಿಬಿಡಲು ಅವಳ ಕೈ ಬಿಗಿಯಾಯಿತು. ಆಗ, ತನ್ನ ಬೆರಳುಗಳು ಆ ಮೆತ್ತನೆಯ ತೋಳಲ್ಲಿ ಹೂತಿರುವುದು ಕಂಡಿತು.

ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊರಗೆ ಬಂದು ಎಸ್ಟೇಟ್ ಕೂಲಿಯವರ ಮನೆಸಾಲಾದ ಲೈನಿನ ಜಗಲಿಯಲ್ಲಿ ಕುಸಿದು ಕೂತಳು. ಪಕ್ಕದ ಮನೆಯ ಮಾದೇವಮ್ಮ ಸೌದೆ ಹೊರೆ ಇಳಿಸುತ್ತಿದ್ದಳು.

"ಕೂಸು ಅಳ್ತಾ ಐತಲ್ಲೇ, ಇಲ್ಯಾಕೆ ಕುಂತಿದ್ದೀಯ?"

"ಒಳಗಿದ್ರೆ ಅದ್ನ ಏನಾರ ಮಾಡ್ಬುಡ್ತೀನಿ ಕಣಕ್ಕ. ನಾನು ತಾಯೇ ಅಲ್ಲ." ಬೈಗುಳಕ್ಕೆ ಕಾಯುತ್ತ ಗಂಗಾಮಣಿ ತಲೆ ತಗ್ಗಿಸಿದಳು.

ಮಾದೇವಮ್ಮ ಒಳಗೆ ಹೋಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. "ಕೆಳಗೆ ಮಲಗ್ಸಿ ಎದ್ದು ಬಂದ್ಯಲ್ಲ, ತಾಯಾದೋಳು ಮಾಡೋದೇ ಅದು. ಇನ್ಮೇಲೆ ಹಿಂಗಾದ್ರೆ ಗೋಡೆ ತಟ್ಟು, ನಾನು ಬತ್ತೀನಿ. ಈಗ ಮಲಕ್ಕೋ."

ಅಳು ನಿಲ್ಲಲಿಲ್ಲ. ಮಾದೇವಮ್ಮ ಕೂಸಿನ ಬೆನ್ನು ತಟ್ಟುತ್ತ ಲೈನಿನ ಉದ್ದಕ್ಕೂ ನಡೆದಳು. ಆ ಅಳು ಕೇಳಿಸುತ್ತಿರುವಾಗಲೇ ಗಂಗಾಮಣಿ ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋದಳು.