ಹುಲಗಪ್ಪನ ಮೊಣಕಾಲು

"ಇನ್ನೊಂದು ಗೇಣು ಇಳಸು," ಎಂದರು ಎಂಜಿನಿಯರ್ ಬಸವಂತ್ರಾಯ, ದಂಡೆಯ ಮೇಲಿಂದ.

ಹುಲಗಪ್ಪ ಗುಂಡುಕಲ್ಲೆತ್ತಿ ಅಳತೆಪಟ್ಟಿಯ ತಲೆಗೆ ಮತ್ತೆರಡು ಏಟು ಹಾಕಿದ. ಕಾಲುವೆಯ ನೀರು ಅವನ ಅರ್ಧ ಮೀನಖಂಡದವರೆಗಷ್ಟೇ ಇತ್ತು. ಪಟ್ಟಿ ಮಾತ್ರ ಕೆಸರಿನಲ್ಲಿ ಹೂತು ಹೂತು ಮೂರು ಫೂಟು ತೋರಿಸಿತು. ಕಾಲುವೆಯ ಕೊನೆಯ ಈ ಹಳ್ಳಿಗೆ ಮೂರು ಫೂಟು ನೀರು ಮುಟ್ಟಿತೆಂದು ವರದಿ ಹೋದರೆ ಸಾಹೇಬರಿಗೆ ಶಾಭಾಸ್, ಮರುದಿನವೇ ನೀರು ಸಾಕೆಂದು ಮೇಲಿನ ಗೇಟು ಬಂದ್. ಆಚೆ ದಂಡೆಯ ಮೆಣಸಿನಗಿಡಗಳ ಕಥೆ ಅಲ್ಲಿಗೆ ಮುಗಿಯಿತು.

ಆಚೆ ದಂಡೆಗೆ ಮೆಣಸಿನ ಹೊಲದ ಮೌನಮ್ಮ ಬಂದು ನಿಂತಳು. "ಹುಲಗಪ್ಪಣ್ಣ, ಇವತ್ತ ಎಲ್ಲಿ ಮಟ ಬಂದೈತೋ ನೀರು?"

ಆ ಊರು ಎಂದೂ ಪಟ್ಟಿ ಓದಿದ್ದಿಲ್ಲ. ಹನ್ನೊಂದು ವರ್ಷದಿಂದ ದಿನಗೂಲಿಯ ಹುಲಗಪ್ಪ ನೀರಿಗಿಳಿಯುತ್ತಿದ್ದ, ಊರು ಅವನ ಕಾಲು ನೋಡುತ್ತಿತ್ತು. ಮೊಣಕಾಲಾದರೆ ಅರ್ಧ ಊರಿಗೆ ನೀರು, ಸೊಂಟವಾದರೆ ಎಲ್ಲರಿಗೂ. ಸೊಂಟದ ಸುದ್ದಿ ಬಂದು ಎರಡು ವರ್ಷವಾಗಿತ್ತು.

"ಮೂರ ಫೂಟ ಅನ್ನು," ಸಾಹೇಬರು ಪಿಸುಗುಟ್ಟಿದರು.

"ಅಕಿ ಫೂಟ ಕೇಳಾಂಗಿಲ್ರಿ. ಪಟ್ಟಿ ಇಳಿಸಿದ್ವಿ, ಮೊಣಕಾಲು ಹೆಂಗ ಇಳಸ್ಲಿ?"

ಸಾಹೇಬರು ತುಸು ಹೊತ್ತು ಆ ಮೊಣಕಾಲನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಶಹಾಪುರದ ಸ್ಟುಡಿಯೋದಿಂದ ಬಾಡಿಗೆಗೆ ತಂದಿದ್ದ ಕ್ಯಾಮರಾ ಹೊರಗೆ ತೆಗೆದರು. "ಕುಂದರು."

"ಎಲ್ಲಿರಿ?"

"ನೀರಾಗ. ಕುಂತ್ರ ಸೊಂಟಕ್ಕ ಬರತೈತಿ. ನಾ ವರದಿಗೆ ಸೊಂಟದ ಮ್ಯಾಲಿಂದಷ್ಟ ಫೋಟೋ ಹೊಡೀತೀನಿ."

ಮೌನಮ್ಮ ಬುಟ್ಟಿ ಇಳಿಸಿ ನಕ್ಕಳು. "ಕುಂದ್ರಿಸಿ ಅಳಿಯೂದಾದ್ರ ನನ್ನ ಮೊಮ್ಮಗನ್ನ ಎತ್ಕೊಂಡ ಬರ್ತೀನ್ರಿ ಸಾಹೇಬ್ರ. ಕುತ್ಗಿ ಮಟ ಬರತೈತಿ, ಇನ್ನೂ ಚಲೋ."

ಸಾಹೇಬರು ಕೇಳಿಸದವರಂತೆ ನೀರಿನ ಕಡೆ ಬಗ್ಗಿ ದನಿ ತಗ್ಗಿಸಿದರು. "ಖಾಯಂ ಮಾಡೋರ ಯಾದಿ ನನ್ನ ಕಿಸೆದಾಗ ಐತಿ. ನಿನ್ನ ಹೆಸರು ಕಡೀಕ. ಇಟ್ರೂ ಇಟ್ಟೆ, ಹೊಡದ ಹಾಕಿದ್ರೂ ಹಾಕಿದೆ. ಆಫೀಸಿನಾಗ ನಿನಗ ಒಂದ ಕುರ್ಚಿ, ತಲಿ ಮ್ಯಾಲ ಫ್ಯಾನು. ಒಂದ ನಿಮಿಷ ಕುಂದರೋ ಮಾರಾಯ."

ಆ ಫ್ಯಾನು ಹುಲಗಪ್ಪನಿಗೆ ಗೊತ್ತಿತ್ತು. ಸಂಬಳಕ್ಕೆ ಹೋದಾಗ ಅದರ ಕೆಳಗೆ ನಿಂತು ಬೇಕೆಂತಲೇ ತಡಮಾಡಿ ಸಹಿ ಹಾಕುತ್ತಿದ್ದ. ಮೊಣಕಾಲು ತಾನಾಗಿಯೇ ಒಂದಿಷ್ಟು ಬಾಗಿತು. ಸಾಹೇಬರು ಕ್ಯಾಮರಾ ಕಣ್ಣಿಗೆ ಹಿಡಿದರು. ಆಚೆ ದಂಡೆಯಲ್ಲಿ ಮೌನಮ್ಮನ ನಗು ನಿಂತಿತು.

ಹುಲಗಪ್ಪ ನೆಟ್ಟಗಾದ. ಎರಡೂ ಕಾಲು ಊರಿಗೆಲ್ಲ ಕಾಣುವ ಹಾಗೆ ಧೋತರವನ್ನು ತೊಡೆಯ ತನಕ ಎತ್ತಿ ಕಟ್ಟಿದ.

"ಕುರ್ಚಿ ಒಲ್ಲೆರಿ."