ಕಾದ ಡಬ್ಬಿ

ಬೆಸುಗೆಯ ವಾಸನೆ ಬಂದರೆ ಈಗಲೂ ರಾಜೀವನಗರದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಹವ್ಯಾಸಕ್ಕೆ ಮಾಡುತ್ತಿದ್ದ ರಿಮೋಟಿನ ಪುಟಾಣಿ ದೋಣಿಯಲ್ಲಿ ಮೋಟಾರಿನ ವೇಗ ನಿಯಂತ್ರಿಸುವ ಪುಟ್ಟ ಡಬ್ಬಿ ಬೇಗ ಕಾದುಹೋಗುತ್ತಿತ್ತು. ಅದರ ಬೆನ್ನಿಗೆ ತಾಮ್ರದ ಕೊಳವೆ ಬೆಸೆದು ಕೂರಿಸಿ, ಅಂದು ಬಕೆಟ್ಟಿನ ನೀರು ಹರಿಸುತ್ತಿದ್ದರು. ಕರೆಂಟಿನ ಹತ್ತಿರ ನೀರು ತರಬೇಡ ಎಂದು ನನ್ನನ್ನು ಗದರುತ್ತಿದ್ದವರೂ ಅವರೇ.

“ನೀರು ಒಳಕ್ಕೆ ಹೋಗಲ್ಲ ಕಣೇ, ಪಕ್ಕದಲ್ಲೇ ಹರಿದು ಬಿಸಿ ಎಳ್ಕೊಂಡು ಹೋಗುತ್ತೆ,” ಎಂದು ಡಬ್ಬಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು.

ಮೂರು ದಿನದಿಂದ ಅಮ್ಮನಿಗೆ ಜ್ವರ. ಹಣೆಯ ಬಟ್ಟೆ ಹಿಂಡಲು ಬಂದ ಅಜ್ಜಿ ಅಲ್ಲೇ ನಿಂತರು. “ಅದನ್ನ ಎಷ್ಟು ಸಲ ಮುಟ್ಟಿ ನೋಡ್ದೆ? ಒಳಗೆ ಮಲಗಿರೋಳ ಹಣೆ ಒಂದ್ಸಲಾನಾದ್ರೂ ಮುಟ್ಟಿದ್ಯೇನೋ?”

ಅಪ್ಪ ಒದ್ದೆ ಕೈಯಲ್ಲೇ ಒಳಗೆ ಹೋಗಿ ಅಮ್ಮನ ಹಣೆಯ ಮೇಲೆ ಕೈಯಿಟ್ಟರು. ತಂಪಾಗಬೇಕಿತ್ತಲ್ಲ, ಅಮ್ಮ ಯಾಕೆ ಅಳತೊಡಗಿದಳೋ, ನನಗೆ ತಿಳಿಯಲಿಲ್ಲ.