ಲಿಫ್ಟಿನ ತುಂಬ ಸೆಂಟು

ಲಿಫ್ಟಿನೊಳಗೆ ಯಾರೋ ಚೀಟಿ ಅಂಟಿಸಿದ್ದರು: ‘ದಯವಿಟ್ಟು ಸೆಂಟು ಹಿತಮಿತವಾಗಿ ಬಳಸಿ. ಉಸಿರು ಕಟ್ಟುತ್ತಿದೆ.’ ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ ಬಿಡಿ. ಪ್ಯಾರಿಸ್ಸಿನ ಆ ಐದಂತಸ್ತಿನ ಕಟ್ಟಡದಲ್ಲಿ ಮೈಮೇಲೆ ಸೆಂಟು ಸುರಿದುಕೊಂಡು ಓಡಾಡುವವರು ಎಪ್ಪತ್ತೊಂಬತ್ತರ ಮದಾಮ್ ಒಡೆಟ್ ಒಬ್ಬರೇ. ಅವರು ಚೀಟಿ ಕಿತ್ತು ಕೈಚೀಲಕ್ಕೆ ಹಾಕಿಕೊಂಡು, ಏನೂ ಆಗದವರಂತೆ ಬ್ರೆಡ್ ತರಲು ಹೋದರು.

ಸಂಜೆ ನಾಲ್ಕನೇ ಅಂತಸ್ತಿನ ಸೊಲೆನ್ ಬಂದು ಬೆಲ್ ಒತ್ತಿದಳು. ಸೆಂಟಿನಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ‘ನಿಮ್ಮಿಬ್ಬರದೂ ಒಂದೇ ಕಸುಬು, ನೀನೇ ಹೇಳಿಬಿಡು’ ಅಂತ ಕಟ್ಟಡದವರೆಲ್ಲ ಸೇರಿ ಅವಳನ್ನು ಮುಂದೆ ತಳ್ಳಿದ್ದರು. ಇಂಥ ಮಾತು ಆಡಲು ತಾವಾಗಿ ಬರುವ ಧೈರ್ಯ ಯಾರಿಗಿರುತ್ತೆ?

“ಮದಾಮ್, ತಪ್ಪು ತಿಳ್ಕೋಬೇಡಿ...”

“ಚೀಟಿ ವಿಷಯ ತಾನೆ? ಒಳಗೆ ಬಾ, ಕೂತ್ಕೊ. ಉಸಿರು ಕಟ್ಟಿದ್ರೆ ಹೇಳು, ಕಿಟಕಿ ತೆಗೀತೀನಿ.”

ಸೊಲೆನ್‌ಗೆ ನಿಜವಾಗಿಯೂ ಕಟ್ಟುತ್ತಿತ್ತು. ಆದರೂ ಬೇಡ ಅಂದಳು. “ಗುರುವಾರ ಕಟ್ಟಡದವರ ಮೀಟಿಂಗ್ ಇದೆ. ವಕೀಲರ ಕೈಯಿಂದ ನಿಮಗೆ ಕಾಗದ ಕಳಿಸ್ತಾರಂತೆ. ಸೆಂಟು ಸ್ವಲ್ಪ ಕಮ್ಮಿ ಮಾಡ್ತೀನಿ ಅಂತ ಒಂದು ಮಾತು ಹೇಳಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ.”

“ನನಗೇ ಹೇಳ್ಕೊಡ್ತೀಯಾ? ಮೂವತ್ತೆರಡು ವರ್ಷ ಸೆಂಟು ಮಾರಿದವಳು ಕಣೇ ನಾನು! ನಾನು ಕೌಂಟರಿಗೆ ಬಂದಾಗ ಎಲ್ಲರಿಗೂ ಕಾಡಿನ ಹಸಿರು ವಾಸನೆ ಬೇಕಿತ್ತು. ಎಂಬತ್ತರ ಸುಮಾರಿಗೆ ನೋಡ್ಬೇಕಿತ್ತು ನೀನು. ಹೆಂಗಸು ಇನ್ನೂ ಬೀದಿ ತಿರುವಿನಲ್ಲಿರ್ತಿದ್ಲು, ಅವಳ ಸೆಂಟು ಆಗಲೇ ಹೋಟೆಲ್ಲಿನಲ್ಲಿ ಕೂತು ಊಟಕ್ಕೆ ಹೇಳಿರ್ತಿತ್ತು! ಆಮೇಲೆ ಬಂತಪ್ಪ, ಒಗೆದ ಬಟ್ಟೆ ವಾಸನೆ. ಅದಕ್ಕೂ ದುಡ್ಡು ಕೊಟ್ಟು ಕ್ಯೂ ನಿಲ್ಲೋರು. ನಾನು ರಿಟೈರ್ ಆಗೋ ಹೊತ್ತಿಗೆ ಹುಡುಗಿಯರೆಲ್ಲ ಬೇಕರಿ ಥರ ಘಮ್ ಅಂತಿದ್ರು.”

ಸೊಲೆನ್‌ಗೆ ನಗು ಬಂತು. “ಇಷ್ಟೆಲ್ಲ ಗೊತ್ತಿದ್ದೂ ನೀವ್ಯಾಕೆ ಅಷ್ಟೊಂದು ಹಾಕ್ಕೋತೀರಿ?”

ಒಡೆಟ್ ತಮ್ಮ ತೋಳನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಒಂದೇ ಸೆಂಟನ್ನ ನಲವತ್ತು ವರ್ಷ ಹಾಕಿದ್ರೆ ಮೂಗು ಅದನ್ನ ಮರೆತೇಬಿಡುತ್ತೆ. ನನ್ನ ಘಮ ನನಗೇ ಗೊತ್ತಾಗಲ್ಲ. ಬೆಳಿಗ್ಗೆ ಹೊರಡೋ ಮುಂಚೆ ನನ್ನ ಗಂಡನ ಎದುರು ನಿಂತು ‘ಗಾಸ್ತೊನ್, ಸಾಕಾ?’ ಅಂತಿದ್ದೆ. ‘ಸಾಕು ಮಾರಾಯ್ತಿ, ಪಕ್ಕದ ಬೀದಿಗೂ ಸಾಕು’ ಅನ್ನೋನು. ಅವನು ಹೋಗಿ ಎಂಟು ವರ್ಷ ಆಯ್ತು. ಈಗ ಸಾಕು ಅನ್ನೋರಿಲ್ಲ. ಇನ್ನೊಂದ್ಸಲ ಹೊಡ್ಕೋತೀನಿ, ಮತ್ತೊಂದ್ಸಲ ಹೊಡ್ಕೋತೀನಿ.” ಅವರು ಮುಖ ಆಚೆ ತಿರುಗಿಸಿದರು. “ಜನ ಮೂಗು ಮುಚ್ಕೊಳ್ಳಲಿ ಬಿಡು. ಒಡೆಟ್ ಇಲ್ಲಿಂದ ಹೋದ್ಲು ಅಂತಾದ್ರೂ ಅಂದ್ಕೋತಾರಲ್ಲ.”

ಕಟ್ಟಡದವರು ಹೇಳಿಕೊಟ್ಟು ಕಳಿಸಿದ್ದ ಮಾತೆಲ್ಲ ಸೊಲೆನ್‌ಗೆ ಮರೆತುಹೋಗಿತ್ತು. ಜೇಬಿನಿಂದ ಒಂದು ಪುಟ್ಟ ಶೀಶೆ ತೆಗೆದು ಅವರ ಕೈಗಿಟ್ಟಳು.

“ನಿಮಗೇ ಅಂತ ತಂದೆ. ಈಗ ಅಂಗಡಿಗೆ ಬಂದವರೆಲ್ಲ ಕೇಳೋದು ಇದನ್ನೇ.”

ಒಡೆಟ್ ಮಣಿಕಟ್ಟಿಗೆ ಹಚ್ಚಿಕೊಂಡು, ಕಸುಬಿನವರ ಹಾಗೆ ಒಂದು ನಿಮಿಷ ಕಾದು, ಮೂಸಿದರು. ಇನ್ನೊಮ್ಮೆ ಮೂಸಿದರು. “ಏನೇ ಇದು, ನಲ್ಲಿ ನೀರು ತುಂಬ್ಕೊಂಡು ಬಂದ್ಯಾ?”

“ಅದರ ಮಜಾನೇ ಅದು ಮದಾಮ್! ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಲ್ಲ. ತಬ್ಬಿಕೊಂಡವರಿಗೆ ಮಾತ್ರ ಗೊತ್ತಾಗೋದು.”

ಒಡೆಟ್ ಶೀಶೆಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಅದನ್ನು ಹುಡುಗಿಯ ಅಂಗೈಗೇ ವಾಪಸು ಇಟ್ಟರು.

“ಕಾಗದ ಕಳಿಸಲಿ ಬಿಡು. ಇದು ಒಳ್ಳೇದೇ ಇರಬಹುದು ಕಣಮ್ಮ. ಆದ್ರೆ ನನ್ನ ಅಷ್ಟು ಹತ್ತಿರ ಬರೋದು ಕಣ್ಣಿನ ಡಾಕ್ಟ್ರು ಒಬ್ರೇ, ಅದೂ ಆರು ತಿಂಗಳಿಗೊಂದ್ಸಲ. ಅವರೂ ಮಾಸ್ಕ್ ಹಾಕ್ಕೊಂಡಿರ್ತಾರೆ.”